ಕೊನೆಯ ಡ್ರೈಯರಿನಿಂದ ಹಿಂದಕ್ಕೆ ಅಳೆಯಬೇಕಾದ ಪೈಪು

ಕರಾವಳಿಯ ಒಂದು ಕುಚ್ಚಲಕ್ಕಿ ಗಿರಣಿ. ಬಾಯ್ಲರ್ ಮನೆಯಿಂದ ಕೊನೆಯ ಡ್ರೈಯರಿಗೆ ಸುಮಾರು ನೂರು ಮೀಟರ್, ನಡುವೆ ಎರಡಿಂಚಿನ ಸ್ಟೀಮ್ ಲೈನು. ಬಾಯ್ಲರಿನ ಗೇಜು ಮೂರು ಕೇಜಿ, ಅಂದರೆ ಸುಮಾರು ಮೂರು ಬಾರ್ ಒತ್ತಡ ತೋರಿಸುತ್ತಿತ್ತು. ಡ್ರೈಯರಿನ ಹತ್ತಿರ ಗೇಜೇ ಇರಲಿಲ್ಲ. "ಹಬೆ ಬರ್ತಾ ಉಂಟು, ಬಿಸಿ ಮಾತ್ರ ಏರುದಿಲ್ಲ ಮಾರಾಯ್ರೆ" ಎಂದು ಅಲ್ಲಿನವರು ಕೈಚೆಲ್ಲಿದ್ದರು. ಕಾಯಿಲ್ ಕೆಟ್ಟಿದೆ ಎಂದು ಅದನ್ನು ಬದಲಿಸಿಯೂ ಆಗಿತ್ತು. ನಾವು ಡ್ರೈಯರಿನ ವಾಲ್ವಿಗೆ ಮುಂಚೆ ಒಂದು ಗೇಜು ಕೂರಿಸಿದೆವು. ಮುಳ್ಳು ಒಂದರ ಗೆರೆ ದಾಟಿ ಸ್ವಲ್ಪ ಮೇಲೇರಿ, ಅಲ್ಲೇ ನಡುಗುತ್ತ ನಿಂತಿತು.

ಆ ಲೈನನ್ನು ಲೆಕ್ಕವಿಲ್ಲದೆ ಹಾಕಿದ್ದರು ಎನ್ನಲಾರೆ. ನಮ್ಮಲ್ಲಿ ಎಲ್ಲರೂ ಮಾಡುವ ಲೆಕ್ಕವನ್ನೇ ಮಾಡಿದ್ದರು: ಹಬೆಯ ವೇಗ ಸೆಕೆಂಡಿಗೆ 25ರಿಂದ 40 ಮೀಟರ್ ಒಳಗಿದ್ದರೆ ಸಾಕು. ಗಂಟೆಗೆ ಒಂದು ಟನ್ ಹಬೆ, 7 ಬಾರ್ ಒತ್ತಡ ಎಂದುಕೊಂಡರೆ ಎರಡಿಂಚಿನಲ್ಲಿ ವೇಗ ಸುಮಾರು 31. ಪಾಸು. ಆದರೆ ಗಿರಣಿ ಓಡುತ್ತಿದ್ದದ್ದು ಮೂರರಲ್ಲಿ. ಒತ್ತಡ ಇಳಿದಷ್ಟೂ ಹಬೆ ಹಿಗ್ಗುತ್ತದೆ. ಏಳರಲ್ಲಿ ಒಂದು ಕಿಲೋ ಹಬೆಗೆ 0.24 ಘನ ಮೀಟರ್ ಜಾಗ ಸಾಕು, ಮೂರರಲ್ಲಿ 0.46 ಬೇಕು. ಅದೇ ಪೈಪಿನಲ್ಲಿ ವೇಗ 59ಕ್ಕೆ ಹಾರುತ್ತದೆ. ನೂರು ಮೀಟರಿನ ಘರ್ಷಣೆಯಲ್ಲಿ ಒಂದೂವರೆ ಬಾರ್‌ನಷ್ಟು ಕರಗಿಹೋಗುತ್ತದೆ. ಹಬೆಯ ಬಿಸಿ ಅದರ ಒತ್ತಡಕ್ಕೆ ಕಟ್ಟುಬಿದ್ದದ್ದು. 144 ಡಿಗ್ರಿಯಲ್ಲಿ ಹೊರಟದ್ದು ಡ್ರೈಯರ್ ಮುಟ್ಟುವಾಗ 127ರ ಆಸುಪಾಸಿಗೆ ಇಳಿದಿರುತ್ತದೆ. ಭತ್ತ ಒಣಗದೆ ಉಳಿಯುವುದು ಇಲ್ಲಿ.

ವೇಗದ ಕೋಷ್ಟಕ ಸುಳ್ಳಲ್ಲ. ಹತ್ತು ಮೀಟರಿನ ಲೈನಿಗೆ ಅದು ಧಾರಾಳ ಸಾಕು. ಆದರೆ ಅದಕ್ಕೆ ಉದ್ದ ಗೊತ್ತಿಲ್ಲ, ಬೆಂಡುಗಳೂ ವಾಲ್ವುಗಳೂ ಗೊತ್ತಿಲ್ಲ, ಕೊನೆಯ ಯಂತ್ರಕ್ಕೆ ಎಷ್ಟು ಒತ್ತಡ ಬೇಕೆಂಬುದಂತೂ ಗೊತ್ತೇ ಇಲ್ಲ. ಅದನ್ನು ಕೊನೆಗೆ ತಾಳೆ ನೋಡಲು ಬಳಸಬೇಕೇ ಹೊರತು ಉತ್ತರವೆಂದು ಹಿಡಿದು ಕೂರಬಾರದು. ಇದಕ್ಕಿಂತಲೂ ಕೆಟ್ಟ ರೂಢಿ, ಬಾಯ್ಲರಿನ ಫ್ಲೇಂಜ್ ಎಷ್ಟಿದೆಯೋ ಅಷ್ಟೇ ಪೈಪನ್ನು ಗಿರಣಿಯ ತುದಿಯವರೆಗೆ ಎಳೆಯುವುದು. 1950ರ ಭಾರತೀಯ ಬಾಯ್ಲರ್ ನಿಯಮಗಳು ಪೈಪಿನ ದಪ್ಪವನ್ನೂ ವೆಲ್ಡಿಂಗನ್ನೂ ಬಿಗಿಯಾಗಿ ನೋಡುತ್ತವೆ. ಡ್ರೈಯರಿಗೆ ಸಾಕಷ್ಟು ಒತ್ತಡ ತಲುಪುತ್ತದೆಯೇ ಎಂದು ನೋಡುವುದು ಡಿಸೈನ್ ಮಾಡುವವನದೇ ಹೊಣೆ. ಕೊನೆಯ ಯಂತ್ರಕ್ಕೆ ಬೇಕಾದ ಒತ್ತಡವನ್ನು ಮೊದಲು ಬರೆದುಕೊಂಡು, ಅಲ್ಲಿಂದ ಬಾಯ್ಲರಿನ ಕಡೆಗೆ ಹಿಂದಕ್ಕೆ ಬರುವುದೇ ನನ್ನ ಪ್ರಕಾರ ಸರಿಯಾದ ದಾರಿ.

ಹಾಗೆ ಬಂದರೆ ವ್ಯಾಸದ ಬೆಲೆ ಗೊತ್ತಾಗುತ್ತದೆ. ಅಷ್ಟೇ ಹಬೆಗೆ ಒತ್ತಡದ ನಷ್ಟ ವ್ಯಾಸದ ಐದನೇ ಘಾತದ ಲೆಕ್ಕದಲ್ಲಿ ಇಳಿಯುತ್ತದೆ. ಮೂರಿಂಚು ಹಾಕಿದ್ದರೆ ನಷ್ಟ ಏಳೆಂಟರಲ್ಲಿ ಒಂದು ಪಾಲು. ಇದನ್ನು ಕೇಳಿದವರು ಮುಂದಿನ ಸಲ "ಇರಲಿ" ಎಂದು ನಾಲ್ಕಿಂಚು, ಆರಿಂಚು ಹಾಕುವುದೂ ಉಂಟು. ಅದೂ ತಪ್ಪು. ದೊಡ್ಡ ಪೈಪಿನ ಕಬ್ಬಿಣವನ್ನೆಲ್ಲ ಪ್ರತಿ ಬೆಳಿಗ್ಗೆ ಕಾಯಿಸಬೇಕು, ಅಷ್ಟೂ ಹಬೆ ನೀರಾಗುತ್ತದೆ. ಆ ನೀರಿಗೆ ಹೋಗಲು ಇಳಿಜಾರಿಲ್ಲದೆ, ಟ್ರ್ಯಾಪ್ ಇಲ್ಲದೆ ಇದ್ದು ವಾಲ್ವನ್ನು ಗಬಕ್ಕನೆ ತೆರೆದರೆ, ಗೋಡೆಯ ಬ್ರಾಕೆಟ್ಟುಗಳೇ ಅದುರುವಂಥ ಧಡ್ ಎಂಬ ಹೊಡೆತ. ಒಮ್ಮೆ ಕೇಳಿದ್ದೇನೆ, ಮರೆತಿಲ್ಲ.

ಈ ಗಿರಣಿಯಲ್ಲಿ ಪೈಪು ಬದಲಿಸಲಿಲ್ಲ. ಬಾಯ್ಲರಿಗೆ 10 ಬಾರ್‌ವರೆಗೆ ಅನುಮತಿ ಇತ್ತು. ಉಮಿ ಉಳಿಯುತ್ತದೆಂದು ಮೂರಕ್ಕೆ ಇಳಿಸಿಟ್ಟಿದ್ದರು. ಏಳರ ಹಬೆಗೂ ಮೂರರ ಹಬೆಗೂ ಕಿಲೋಗೆ ಬೇಕಾಗುವ ಶಾಖದಲ್ಲಿ ವ್ಯತ್ಯಾಸ ಶೇ. 1ರ ಆಸುಪಾಸು ಎಂದು ಮಾಲೀಕರಿಗೆ ಬರೆದು ತೋರಿಸಿದೆ. ಒತ್ತಡವನ್ನು ಏಳಕ್ಕೆ ಏರಿಸಿ, ಡ್ರೈಯರಿನ ಮುಂದೆ ಒತ್ತಡ ಇಳಿಸುವ ವಾಲ್ವು ಹಾಕಿದರು. ಅದರ ಹಿಂದಿನ ಗೇಜು ಈಗ ಆರು ದಾಟಿ ನಿಲ್ಲುತ್ತದೆ, ಮುಂದಿನದು ಮೂರರಲ್ಲಿ.