ಗೀಳು: ವಂಶದ ಪಾಲೆಷ್ಟು?

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬುದ್ಧಿವಂತನೇ. ಆದರೆ ಪರೀಕ್ಷೆಯಲ್ಲಿ ಬರೆದ ಸಾಲನ್ನೇ ಹತ್ತು ಸಲ ಓದುವನು, ಹೊಡೆದುಹಾಕುವನು, ಮತ್ತೆ ಬರೆಯುವನು. ಎರಡನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಗಂಟೆಯಾಗಿರುತ್ತಿತ್ತು. ಅವನ ತಂದೆಯವರನ್ನು ಕರೆಸಿ, ವೈದ್ಯರಿಗೆ ತೋರಿಸಿ ಎಂದೆ. “ಅವನ ತಾತನಿಗೂ ಹೀಗೇ ಇತ್ತು ಮೇಷ್ಟ್ರೇ. ಹಾಕಿದ ಬೀಗವನ್ನು ಇಪ್ಪತ್ತು ಸಲ ಎಳೆದು ನೋಡುತ್ತಿದ್ದರು. ರಕ್ತದಲ್ಲಿ ಬಂದದ್ದು ಹೋಗುತ್ತದೆಯೆ?” ಎಂದರು. ಮಾತು ಅಲ್ಲಿಗೇ ಮುಗಿಯಿತು.

ಬೇಡವೆಂದರೂ ನುಗ್ಗಿ ಬರುವ ಯೋಚನೆ, ಅದರ ಅಂಜಿಕೆಯನ್ನು ತಣಿಸಲು ಮತ್ತೆ ಮತ್ತೆ ಮಾಡಲೇಬೇಕೆನಿಸುವ ಕೆಲಸ, ಇವೆರಡೂ ಸೇರಿದ್ದು ಗೀಳುರೋಗ. 1909ರಲ್ಲಿ ಫ್ರಾಯ್ಡ್ ಇದರ ಬೇರನ್ನು ಬಾಲ್ಯದ ಅದುಮಿಟ್ಟ ಆಸೆ-ದ್ವೇಷಗಳಲ್ಲಿ ಹುಡುಕಿದನು. ಆ ಬಗೆಯ ವಿವರಣೆಯಲ್ಲಿ ರೋಗಿಯೂ ಅವನನ್ನು ಬೆಳೆಸಿದವರೂ ಅಪರಾಧಿಗಳಂತೆ ನಿಲ್ಲಬೇಕಾಗುತ್ತಿತ್ತು. ವಂಶವಾಹಿಗಳ ವಾದವು ಈ ಕಳಂಕವನ್ನು ಬಹುಮಟ್ಟಿಗೆ ತೊಡೆಯಿತು. ಅದು ದೊಡ್ಡ ಉಪಕಾರವೆಂಬುದನ್ನು ಮೊದಲು ಒಪ್ಪಬೇಕು.

ವಾದಕ್ಕೆ ಆಧಾರವೂ ಉಂಟು. 2013ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ರೋಗಿಯ ತೀರ ಹತ್ತಿರದ ರಕ್ತಸಂಬಂಧಿಗಳಿಗೆ ಈ ರೋಗ ಬರುವ ಸಂಭವ ಇತರರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಕಂಡಿತು. ಸಂಬಂಧ ದೂರವಾದಂತೆ ಸಂಭವವೂ ತಗ್ಗಿತು. ಆನುವಂಶಿಕತೆಯ ಪಾಲು ಶೇಕಡ 47ರಷ್ಟು ಎಂದು ಅವರು ಲೆಕ್ಕ ಹಾಕಿದರು.

ಎಡವುವುದು ಈ ಅಂಕಿಯನ್ನು ಓದುವಾಗಲೇ. ಇದು ಒಂದು ಜನಸಮುದಾಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದ ಲೆಕ್ಕ. ಈ ಹುಡುಗನ ಗೀಳಿನಲ್ಲಿ ಅರ್ಧ ತಾತನದು, ಉಳಿದರ್ಧ ಅವನದು ಎಂದು ಇದರ ಅರ್ಥವಲ್ಲ. ಒಂದು ಷಟ್ಪದಿಯ ಸೊಗಸಿನಲ್ಲಿ ಛಂದಸ್ಸಿಗೆ ಆರಾಣೆ, ಭಾವಕ್ಕೆ ಹತ್ತಾಣೆ ಎಂದು ಪಾಲು ಮಾಡಲು ಬಂದೀತೆ? ಒಂದೇ ವಂಶವಾಹಿಗಳನ್ನು ಹೊತ್ತು ಹುಟ್ಟಿದ ತದ್ರೂಪಿ ಅವಳಿಗಳಲ್ಲಿಯೂ ಒಬ್ಬರಿಗೆ ರೋಗವಿದ್ದು ಇನ್ನೊಬ್ಬರಿಗೆ ಇಲ್ಲದಿರುವುದುಂಟು.

ಇನ್ನು, ಆ ವಂಶವಾಹಿ ಯಾವುದು? ಸಿರೊಟೋನಿನ್ನಿಗೆ ಸಂಬಂಧಿಸಿದ ಒಂದೊಂದು ಜೀನನ್ನೂ ಹಿಡಿದು ಬಹುಕಾಲ ಶೋಧಿಸಿದರು. ಒಬ್ಬರಿಗೆ ಸಿಕ್ಕ ಫಲ ಇನ್ನೊಬ್ಬರಿಗೆ ಸಿಗಲಿಲ್ಲ. 2025ರಲ್ಲಿ 53,660 ರೋಗಿಗಳನ್ನು ಸುಮಾರು 20 ಲಕ್ಷ ಇತರರೊಡನೆ ಹೋಲಿಸಿದಾಗ ಜೀನುಗಳ ಸರಣಿಯಲ್ಲಿ 30 ತಾಣಗಳು ಗೊತ್ತಾದವು. ಒಂದೊಂದರ ಪ್ರಭಾವವೂ ಅತ್ಯಲ್ಪ. ಅಧ್ಯಯನಕ್ಕೆ ಒಳಗಾದವರು ಯೂರೋಪು ಮೂಲದವರು. ಹೀಗಿರುವಾಗ, ಜಾತಕದ ಜೊತೆಗೆ ಜೀನನ್ನೂ ಕೂಡಿಸಿ ನೋಡಿ ಮಕ್ಕಳ ಮದುವೆಯನ್ನು ತಪ್ಪಿಸಹೊರಡುವವರಿಗೆ ಈ ವಿಜ್ಞಾನದಲ್ಲಿ ಆಸರೆಯಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಹುಟ್ಟಿನಿಂದ ಬಂದದ್ದೆಂದರೆ ಬದಲಾಗದ್ದು ಎಂದಲ್ಲ. ದೃಷ್ಟಿದೋಷ ಮನೆತನದಲ್ಲಿ ಬಂದಿದ್ದರೂ ನಾವು ಕನ್ನಡಕ ಹಾಕಿಕೊಳ್ಳುತ್ತೇವೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್, ರೋಗಿಗಳು ಹೆದರುವ ವಸ್ತುವನ್ನು ಅವರಿಂದ ಮುಟ್ಟಿಸಿ, ಆಮೇಲೆ ತೊಳೆದುಕೊಳ್ಳದಂತೆ ತಡೆದು ಗುಣ ಕಂಡನು. ಆ ಪದ್ಧತಿ ಇಂದಿಗೂ ಮುಖ್ಯ ಚಿಕಿತ್ಸೆಗಳಲ್ಲಿ ಒಂದು. 1992ರಲ್ಲಿ ಲಾಸ್ ಏಂಜಲಿಸ್‌ನ ವೈದ್ಯರು ಕೆಲವರಿಗೆ ಔಷಧವನ್ನೂ ಕೆಲವರಿಗೆ ಇಂತಹ ಅಭ್ಯಾಸಚಿಕಿತ್ಸೆಯನ್ನೂ ಕೊಟ್ಟು ಮಿದುಳನ್ನು ಪರೀಕ್ಷಿಸಿದರು. ಗುಣವಾದವರಲ್ಲಿ, ಚಿಕಿತ್ಸೆ ಯಾವುದಾದರೂ, ಮಿದುಳಿನ ಒಂದೇ ಭಾಗದಲ್ಲಿ ಒಂದೇ ತೆರನ ಬದಲಾವಣೆ ಕಂಡಿತು. ಮಾತ್ರೆಯಷ್ಟೇ ಅಲ್ಲ, ಅಭ್ಯಾಸವೂ ಮಿದುಳನ್ನು ಮುಟ್ಟುತ್ತದೆ ಎಂದಾಯಿತು.

ಆದ್ದರಿಂದ ವಂಶದ ವಿವರಣೆಯನ್ನು ತಳ್ಳಿಹಾಕಬೇಕಾಗಿಲ್ಲ. ಅದಕ್ಕೆ ಹಣೆಬರಹದ ಪಟ್ಟ ಕಟ್ಟದಿದ್ದರೆ ಸಾಕು. ಆ ತಂದೆಯವರು ತಾತನ ಬಗೆಗೆ ಹೇಳಿದ್ದು ನಿಜವೇ ಇದ್ದೀತು. ಅಂದು ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಕೇಳಿದರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಚಿಕಿತ್ಸಾಲಯವಿದೆ, ಹುಡುಗನನ್ನು ಕರೆದುಕೊಂಡು ಹೋಗಿ ಎನ್ನುತ್ತೇನೆ.