ಕಚೇರಿಯ ಲಿನಕ್ಸ್: ಆಯ್ಕೆ ಯಾರದು?

ಲಿನಕ್ಸ್ ಎಂದರೆ ನಿಜಕ್ಕೂ ಕಾರ್ಯಾಚರಣ ವ್ಯವಸ್ಥೆಯ ತಿರುಳು ಮಾತ್ರ. ಅದಕ್ಕೆ ಕರ್ನೆಲ್ ಎಂದು ಹೆಸರು. ಪತ್ರ ಬರೆಯಲು, ಅಂತರಜಾಲ ನೋಡಲು, ಮಿಂಚಂಚೆ ಓದಲು ಬೇಕಾದ ತಂತ್ರಾಂಶಗಳೆಲ್ಲ ಬೇರೆ ಬೇರೆ ಕಡೆ ತಯಾರಾಗುತ್ತವೆ. ಅವುಗಳನ್ನು ಆಯ್ದು, ಪರೀಕ್ಷಿಸಿ, ಒಂದು ಕಟ್ಟಾಗಿ ಕೊಡುವುದೇ ‘ವಿತರಣೆ’. ಒಂದೊಂದು ಕೆಲಸಕ್ಕೂ ಹಲವು ತಂತ್ರಾಂಶಗಳಿರುವಾಗ ಕಟ್ಟಿನೊಳಗೆ ಯಾವುದು ಸೇರಬೇಕು? ಮನೆಯ ಗಣಕದಲ್ಲಿ ಇದು ರುಚಿಯ ಪ್ರಶ್ನೆ. ನೂರಾರು ಗಣಕಗಳಿರುವ ಕಚೇರಿಯಲ್ಲಿ ಇದು ಹಲವು ವರ್ಷಗಳ ದುಡಿಮೆಯ ಪ್ರಶ್ನೆ. ಕಂಪನಿಗಳು ಈ ಆಯ್ಕೆಯನ್ನು ಹೇಗೆ ಮಾಡುತ್ತವೆ ಎಂಬುದಕ್ಕೆ ನೋವೆಲ್ ಕಂಪನಿ 2006ರ ಜುಲೈನಲ್ಲಿ ಹೊರತಂದ ‘ಸೂಸೆ ಲಿನಕ್ಸ್ ಎಂಟರ್‌ಪ್ರೈಸ್ ಡೆಸ್ಕ್‌ಟಾಪ್ 10’ ಒಳ್ಳೆಯ ಉದಾಹರಣೆ.

ಮೊದಲು ಅದರ ಗುಣಗಳನ್ನು ಹೇಳಬೇಕು. ಬರವಣಿಗೆಗೆ ಓಪನ್‌ಆಫೀಸ್, ಜಾಲಕ್ಕೆ ಫೈರ್‌ಫಾಕ್ಸ್, ಮಿಂಚಂಚೆಗೆ ಎವಲ್ಯೂಷನ್, ಚಿತ್ರಗಳಿಗೆ ಎಫ್-ಸ್ಪಾಟ್, ಸಂಗೀತಕ್ಕೆ ಬಾನ್‌ಶೀ, ಹುಡುಕಾಟಕ್ಕೆ ಬೀಗಲ್: ಹೀಗೆ ಕೆಲಸಕ್ಕೊಂದು ತಂತ್ರಾಂಶವನ್ನು ಮುಂದಿಟ್ಟಿತು. ಇದು ಸರಿಯಾದ ಕ್ರಮ. ಕಟ್ಟಿಗೆ ಸೇರಿದ ಪ್ರತಿಯೊಂದು ತಂತ್ರಾಂಶದ ಭದ್ರತಾ ದೋಷಗಳನ್ನೂ ವರ್ಷಗಟ್ಟಲೆ ಸರಿಪಡಿಸುತ್ತಿರಬೇಕು; ಆದ್ದರಿಂದ ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಸಾಮಾನ್ಯ ಬಳಕೆದಾರರು ಗಣಕದ ಮುಂದೆ ಕುಳಿತು ತಡವರಿಸುವುದನ್ನು ವಿಡಿಯೋದಲ್ಲಿ ದಾಖಲಿಸಿ, ಅದನ್ನು ಅಭ್ಯಾಸ ಮಾಡಿದ್ದೂ ನೋವೆಲ್‌ನ ಹೆಗ್ಗಳಿಕೆ.

ಪಟ್ಟಿ ಚಿಕ್ಕದಾದದ್ದು ಸರಿ. ಆದರೆ ಅದನ್ನು ಯಾವ ಅಳತೆಗೋಲಿನಿಂದ ಮಾಡಿದರು? ನೋವೆಲ್ 2003ರಲ್ಲಿ ಝಿಮಿಯನ್ ಕಂಪನಿಯನ್ನು ಕೊಂಡಿತು. 2004ರ ಜನವರಿಯಲ್ಲಿ ಸೂಸೆ ಕೂಡ ಅದರದಾಯಿತು. ಸೂಸೆ ಬಳಕೆದಾರರಿಗೆ ಹಿಂದಿನಿಂದ ಪರಿಚಿತವಾಗಿದ್ದ ತೆರೆ ಕೆಡಿಇ. ಹೊಸ ಕಟ್ಟಿನಲ್ಲಿ ಮುಂಬಾಗಿಲು ಸಿಕ್ಕಿದ್ದು ಝಿಮಿಯನ್ ಬಳಗದ ಒಲವಿನ ಗ್ನೋಮ್‌ಗೆ. ಎವಲ್ಯೂಷನ್ ಝಿಮಿಯನ್‌ನ ಕೂಸು. ಅದರ ಅಭಿವೃದ್ಧಿಯ ಒಂದು ಪಾಲು ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಬೀಗಲ್, ಎಫ್-ಸ್ಪಾಟ್, ಬಾನ್‌ಶೀ ಮೂರೂ ಝಿಮಿಯನ್ ಆರಂಭಿಸಿದ ‘ಮೊನೊ’ ಎಂಬ ಬುನಾದಿಯ ಮೇಲೆ ನಿಂತವು. ಮೂರರ ಹಿಂದೆಯೂ ನೋವೆಲ್ ನೌಕರರಿದ್ದರು. ಅಂದರೆ ಕಂಪನಿ ಆಯ್ದದ್ದು ಬಹುಮಟ್ಟಿಗೆ ತನ್ನ ಮನೆಯ ಮಕ್ಕಳನ್ನೇ!

ಬೀಗಲ್ ಅನ್ನೇ ನೋಡಿ. ಕಡತಗಳಲ್ಲಿನ ಪದಗಳಿಗೆ ಮುಂಚಿತವಾಗಿಯೇ ಸೂಚಿ ಸಿದ್ಧಪಡಿಸಿಟ್ಟು, ಕೇಳಿದೊಡನೆ ಹುಡುಕಿಕೊಡುವುದು ಅದರ ಉಪಾಯ. ಪುಸ್ತಕದ ಕೊನೆಯ ಪದಸೂಚಿಯಂತೆ. ಆದರೆ ಹಿನ್ನೆಲೆಯಲ್ಲಿ ಅದು ಸದಾ ದುಡಿಯುತ್ತಿತ್ತು. ಸ್ಮೃತಿ ಕಡಿಮೆಯಿದ್ದ ಗಣಕಗಳು ಏದುಸಿರು ಬಿಟ್ಟವು. ಕಡತ ಬದಲಾದುದನ್ನು ತಿಳಿಸಲು ಅದು ಬಳಸಿದ ‘ಐನೋಟಿಫೈ’ ಸೌಲಭ್ಯ 2005ರಲ್ಲಿ ಕರ್ನೆಲ್‌ಗೆ ಸೇರಿ ಇಂದಿಗೂ ಬಳಕೆಯಲ್ಲಿದೆ. ಬೀಗಲ್ ಮಾತ್ರ ಉಳಿಯಲಿಲ್ಲ. ಎಲ್ಲರ ಸ್ವತ್ತಾದದ್ದು ಬಾಳಿತು, ಒಂದು ಕಂಪನಿಯ ಆಸರೆಯಲ್ಲಿದ್ದದ್ದು ಸೊರಗಿತು.

ಉಳಿದವುಗಳ ಗತಿಯೂ ಹೆಚ್ಚು ಬೇರೆಯಲ್ಲ. 2011ರಲ್ಲಿ ನೋವೆಲ್ ಅನ್ನು ಅಟ್ಯಾಚ್‌ಮೇಟ್ ಕಂಪನಿ ಕೊಂಡಿತು. ಮೊನೊ ತಂಡದವರು ಕೆಲಸ ಕಳೆದುಕೊಂಡರು. ಎಫ್-ಸ್ಪಾಟ್, ಬಾನ್‌ಶೀಗಳ ಬೆಳವಣಿಗೆ ಕ್ರಮೇಣ ನಿಂತಿತು. ಎಫ್-ಸ್ಪಾಟ್ ಚಿತ್ರಗಳ ಗುರುತುಪಟ್ಟಿಯನ್ನು ತನ್ನದೇ ದತ್ತಸಂಗ್ರಹದಲ್ಲಿ ಇಡುತ್ತಿತ್ತು; ಗುರುತುಗಳನ್ನು ಚಿತ್ರದ ಕಡತದಲ್ಲೇ ಬರೆಯುವಂತೆ ಹೊಂದಿಸಿಕೊಳ್ಳದವರಿಗೆ ಅವನ್ನು ಬೇರೆ ತಂತ್ರಾಂಶಕ್ಕೆ ಸಾಗಿಸುವ ಶ್ರಮ ತಪ್ಪಲಿಲ್ಲ. ಓಪನ್‌ಆಫೀಸ್‌ನಲ್ಲಿ ಓಡಿಎಫ್ ರೂಪದಲ್ಲಿ ಉಳಿಸಿದ ಕಡತಗಳಿಗೆ ಆ ಕಷ್ಟ ಬರಲಿಲ್ಲ. 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಆ ರೂಪವನ್ನು ಇಂದಿನ ಲಿಬ್ರೆಆಫೀಸ್ ಸಲೀಸಾಗಿ ತೆರೆಯುತ್ತದೆ.

ಇದು ನೋವೆಲ್ ಒಂದರ ಕಥೆಯಲ್ಲ. ರೆಡ್ ಹ್ಯಾಟ್ 2019ರ ತನ್ನ 8ನೆಯ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ಕೆಡಿಇಯನ್ನೂ 2025ರ 10ನೆಯ ಆವೃತ್ತಿಯಲ್ಲಿ ಲಿಬ್ರೆಆಫೀಸನ್ನೂ ಕೈಬಿಟ್ಟಿತು. ಬೇಕಾದವರು ಲಿಬ್ರೆಆಫೀಸನ್ನು ‘ಫ್ಲಾಟ್‌ಪ್ಯಾಕ್’ ರೂಪದಲ್ಲಿ ಹೊರಗಿನಿಂದ ತಂದು ಹಾಕಿಕೊಳ್ಳಬಹುದು. ಸೀಮಿತ ತಂಡವನ್ನು ಬೇರೆ ಕೆಲಸಗಳಿಗೆ ತೊಡಗಿಸುವ ಕಂಪನಿಯ ಲೆಕ್ಕಾಚಾರ ಅರ್ಥವಾಗುವಂಥದೇ. ಆದರೆ ಕಚೇರಿಯ ಗಣಕದಿಂದ ಬರವಣಿಗೆಯ ತಂತ್ರಾಂಶವನ್ನೇ ತೆಗೆದರೆ ಅದರ ಹೊಣೆ ಕಂಪನಿಯಿಂದ ಬಳಕೆದಾರನ ಹೆಗಲಿಗೆ ಬೀಳುತ್ತದೆ.

ಹಾಗಾದರೆ ಆಯ್ಕೆ ಹೇಗಿರಬೇಕು? ನೆರೆಯ ಕೇರಳದ ‘ಐಟಿ ಅಟ್ ಸ್ಕೂಲ್’ ಯೋಜನೆ ದಾರಿ ತೋರುತ್ತದೆ. ಅಲ್ಲಿ ಶಾಲೆಗಳಿಗೆಂದೇ ಲಿನಕ್ಸ್ ಕಟ್ಟನ್ನು ರೂಪಿಸಿದರು. ರೇಖಾಗಣಿತಕ್ಕೆ ಜಿಯೋಜೀಬ್ರಾದಂಥ ತಂತ್ರಾಂಶಗಳು ಅದಕ್ಕೆ ಸೇರಿದ್ದು ಪಾಠದ ಅಗತ್ಯದಿಂದ, ಯಾವ ಕಂಪನಿಯದೆಂಬ ಕಾರಣದಿಂದಲ್ಲ.

ನಿಮ್ಮ ಶಾಲೆಯ ಪ್ರಯೋಗಾಲಯಕ್ಕೆ ಲಿನಕ್ಸ್ ಆರಿಸುವಾಗ ತೆರೆಯ ಅಂದಕ್ಕೆ ಮರುಳಾಗಬೇಡಿ. ನಾಲ್ಕು ಪ್ರಶ್ನೆ ಕೇಳಿ. ಈ ತಂತ್ರಾಂಶವನ್ನು ನೋಡಿಕೊಳ್ಳುವವರು ಒಬ್ಬರೇ, ಹಲವರೇ? ಇದು ನಿಂತುಹೋದರೆ ನಮ್ಮ ಕಡತಗಳನ್ನು ಬೇರೊಂದು ತೆರೆಯಬಲ್ಲುದೇ? ನಮ್ಮ ಹಳೆಯ ಗಣಕ ಇದರ ಭಾರ ಹೊರಬಲ್ಲುದೇ? ಕನ್ನಡದ ಒತ್ತಕ್ಷರಗಳು ತೆರೆಯಲ್ಲೂ ಮುದ್ರಣದಲ್ಲೂ ಸರಿಯಾಗಿ ಮೂಡುತ್ತವೆಯೇ? ಉತ್ತರಗಳನ್ನು ವಿದ್ಯಾರ್ಥಿಗಳಿಂದಲೇ ಪರೀಕ್ಷಿಸಿ ಬರೆಯಿಸಿ. ತಂತ್ರಾಂಶ ಮುಕ್ತವಾಗಿದ್ದರೆ ಸಾಲದು, ಆಯ್ಕೆಯೂ ನಮ್ಮ ಕೈಯಲ್ಲಿರಬೇಕು.