ವಕಾಲತ್ತಿನ ಭಾಷೆ

ಉರ್ದು ಭಾಷಣವನ್ನೂ ಸಾಹಿತ್ಯದ ಒಂದು ಪ್ರಕಾರವೆಂದೇ ನಂಬಿದ ಮೇಷ್ಟ್ರುಗಳ ಕೈಯಲ್ಲಿ ಓದಿದವನು ನಾನು. ಹೀಗಾಗಿ ಅಸದುದ್ದೀನ್ ಓವೈಸಿಯವರ ಮಾತನ್ನು ಓಟಿನ ಲೆಕ್ಕ ಬದಿಗಿಟ್ಟು, ಒಂದು ಬರಹವನ್ನು ಓದುವಂತೆ ಕೇಳುವುದು ನನಗೆ ರೂಢಿ.

ಹೈದರಾಬಾದಿನ ಮಜ್ಲಿಸ್‌ಗೆ ವಕೀಲರು ಹೊಸಬರಲ್ಲ. 1927ರಲ್ಲಿ ಹುಟ್ಟಿದ ಈ ಸಂಘಟನೆಯನ್ನು ರಜಾಕಾರರ ದುರಂತಕ್ಕೆ ಒಯ್ದ ಕಾಸಿಂ ರಜ್ವಿ ವಕೀಲ. ಆ ದಿನಗಳ ನೆನಪು ನಮ್ಮ ಬೀದರ್, ಕಲಬುರಗಿಗಳಲ್ಲಿ ಇನ್ನೂ ಆರಿಲ್ಲ. ಐವತ್ತರ ದಶಕದ ಕೊನೆಗೆ ಅದನ್ನು ಸಂವಿಧಾನದ ಚೌಕಟ್ಟಿನೊಳಗೆ ಮತ್ತೆ ಕಟ್ಟಿದ ಅಬ್ದುಲ್ ವಾಹಿದ್ ಓವೈಸಿಯವರೂ ವಕೀಲರೇ. ಅವರ ಮಗ ಸುಲ್ತಾನ್ ಸಲಾಹುದ್ದೀನ್ 1984ರಿಂದ 2004ರವರೆಗೆ ಲೋಕಸಭಾ ಸದಸ್ಯರು. ಜನ ಅವರನ್ನು 'ಸಾಲಾರೆ ಮಿಲ್ಲತ್' ಎಂದರು, ಅಂದರೆ ಸಮುದಾಯದ ದಂಡನಾಯಕ. ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ ಬ್ಯಾರಿಸ್ಟರ್ ಆಗಿ ಬಂದ ಮೊಮ್ಮಗ 1994ರಲ್ಲಿ ಚಾರ್‌ಮಿನಾರ್ ಶಾಸಕರಾದರು. 2004ರಲ್ಲಿ ತಂದೆಯ ಕ್ಷೇತ್ರ ಬಂತು, 2008ರಲ್ಲಿ ತಂದೆ ತೀರಿಕೊಂಡ ಮೇಲೆ ಪಕ್ಷವೂ ಬಂತು.

ಆದರೆ ಮಗ ತಂದೆಯ ನಕಲು ಅಲ್ಲ. ದಂಡನಾಯಕನ ಜಾಗದಲ್ಲಿ ಅವರು ವಕೀಲನನ್ನು ತಂದು ನಿಲ್ಲಿಸಿದರು. 14ನೇ ವಿಧಿ, 25ನೇ ವಿಧಿ ಎಂದು ಸಂಸತ್ತಿನಲ್ಲಿ ಅವರು ವಾದಿಸುವಾಗ ಬೇಡಿಕೆಯ ದೈನ್ಯವಿಲ್ಲ, ಹಕ್ಕಿನ ದನಿಯಿದೆ. 2019ರ ಡಿಸೆಂಬರಿನಲ್ಲಿ ಪೌರತ್ವ ಮಸೂದೆಯ ಪ್ರತಿಯನ್ನು ಹರಿದಾಗ ಅವರು ನೆನೆದದ್ದು ದಕ್ಷಿಣ ಆಫ್ರಿಕಾದ ಗಾಂಧಿಯನ್ನು. ಹೆದರಿ ಕೂತಿದ್ದ ಎಷ್ಟೋ ಹುಡುಗರಿಗೆ ಆ ದಿನ ಬೆನ್ನು ನೆಟ್ಟಗಾದದ್ದು ಸುಳ್ಳಲ್ಲ. ಇದನ್ನು ಒಪ್ಪದೆ ಅವರನ್ನು ಟೀಕಿಸುವವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನ.

ನನ್ನ ತಕರಾರು ಬೇರೆ. ಅದೇ ಪಕ್ಷದ ವೇದಿಕೆಯಿಂದ 2012ರ ಡಿಸೆಂಬರಿನಲ್ಲಿ ನಿರ್ಮಲ್‌ನಲ್ಲಿ ತಮ್ಮ ಅಕ್ಬರುದ್ದೀನ್ ಆಡಿದ ಮಾತು ಸಂವಿಧಾನದ ಭಾಷೆಯಾಗಿರಲಿಲ್ಲ. 2022ರಲ್ಲಿ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು, ಸರಿ. ಪ್ರಕರಣ ಮುಗಿಯಿತು, ಆ ಮಾತಿನ ಪ್ರಶ್ನೆ ಮುಗಿಯಲಿಲ್ಲ. ಅಣ್ಣನ ವಿಧಿಗಳೂ ತಮ್ಮನ ಅಬ್ಬರವೂ ಒಂದೇ ಮನೆಯ ಎರಡು ಬಾಗಿಲುಗಳಂತೆ ತೆರೆದಿದ್ದರೆ, ಕೇಳುಗ ಯಾವುದರಿಂದ ಒಳಗೆ ಹೋಗಬೇಕು?

ಇನ್ನೊಂದು ಸಂಗತಿ ಕತೆಗಾರನಾಗಿ ನನ್ನನ್ನು ಹೆಚ್ಚು ಕಾಡುತ್ತದೆ. ವಕಾಲತ್ತಿಗೆ ರುಜು ಹಾಕಿದ ಮೇಲೆ ಕಕ್ಷಿದಾರನಿಗೆ ಮಾತಿಲ್ಲ, ಕಟಕಟೆಗೆ ಕರೆದಾಗ ಮಾತ್ರ ಬಾಯಿ ತೆರೆಯಬೇಕು. ತಲಾಖ್ ಮಸೂದೆಯ ಚರ್ಚೆಯಲ್ಲಿ, ಗಂಡ ಜೈಲಿಗೆ ಹೋದರೆ ಜೀವನಾಂಶ ಕೊಡುವವರು ಯಾರು ಎಂದು ಅವರು ಕೇಳಿದರು. ಪ್ರಶ್ನೆ ಹರಿತವಾಗಿತ್ತು, ನ್ಯಾಯವಾದದ್ದೂ ಆಗಿತ್ತು. ಆದರೆ ಒಂದೇ ಉಸಿರಿನ ತಲಾಖ್‌ಗೆ ಸಿಕ್ಕು ತವರಿನ ಮೂಲೆಯಲ್ಲಿ ಕೂತ ಹೆಣ್ಣು ಆ ವಾದದಲ್ಲಿ ಒಂದು ದಾಖಲೆಯಾಗಿ ಬಂದಳು, ದನಿಯಾಗಿ ಬರಲಿಲ್ಲ. ಮೂರು ತಲೆಮಾರು ಒಂದೇ ಮನೆ ಅಧ್ಯಕ್ಷತೆ ಹಿಡಿದ ಪಕ್ಷದಲ್ಲಿ ಅವಳು ಯಾರ ಮೂಲಕ ಮಾತಾಡಬೇಕು? 2023ರಲ್ಲಿ ತೆಲಂಗಾಣ ವಿಧಾನಸಭೆಗೆ ಈ ಪಕ್ಷದಿಂದ ಗೆದ್ದು ಬಂದವರು ಏಳು ಮಂದಿ. ಏಳೂ ಜನ ಗಂಡಸರು.